ಹುಲ್ಲಿನ ಪೆಟ್ಟಿಗೆ ಎಲ್ಲಿ? ಹಳೆಯ ಟೂ ಸ್ಟ್ರೋಕ್ ಲಾನ್ ಮೋವರ್ ಆರಿಸುವ ಬಗೆ

ಹಳೆಯ ಮೋವರ್, ಅಂದರೆ ಹುಲ್ಲು ಕತ್ತರಿಸುವ ಯಂತ್ರ, ಮಾರುವವರಿಗೆ ಒಂದು ಅಭ್ಯಾಸವಿದೆ. ನೀವು ಹೋಗುವಷ್ಟರಲ್ಲಿ ಯಂತ್ರವನ್ನು ಹೊರಗೆ ತಂದು ನಿಲ್ಲಿಸಿರುತ್ತಾರೆ. ಕುಶಲ ವಿಚಾರಿಸುವುದಕ್ಕೂ ಮೊದಲೇ ಹಗ್ಗ ಎಳೆಯುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಎದ್ದು, ನೀಲಿ ಹೊಗೆ ಬಿಡುತ್ತದೆ. ಸುಟ್ಟ ಎಣ್ಣೆಯ ಆ ವಾಸನೆ ಮೂಗಿಗೆ ಬಡಿಯಿತೆಂದರೆ ಕೊಳ್ಳಲು ಬಂದವನ ಅರ್ಧ ಬುದ್ಧಿ ಅಲ್ಲೇ ಹಾರಿಹೋಗುತ್ತದೆ. ನನ್ನದೂ ಎಷ್ಟೋ ಸಲ ಹಾರಿಹೋಗಿದೆ. ಈಗ ನಾನು ಸದ್ದು ಅಡಗುವವರೆಗೆ ಸುಮ್ಮನಿದ್ದು ಒಂದೇ ಪ್ರಶ್ನೆ ಕೇಳುತ್ತೇನೆ: ಹುಲ್ಲಿನ ಪೆಟ್ಟಿಗೆ ಎಲ್ಲಿ?

ಕಾರಣ ಸರಳ. ಟೂ ಸ್ಟ್ರೋಕ್ ಎಂಜಿನ್ ಎಷ್ಟೇ ಹಾಳಾಗಿದ್ದರೂ ಅದನ್ನು ಮತ್ತೆ ಎಬ್ಬಿಸಬಹುದು. ಪಿಸ್ಟನ್ ರಿಂಗುಗಳನ್ನು ಮಾಡಿಸಬಹುದು, ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ಕಾಯಿಲ್‌ಗೆ ಹೊಸ ತಂತಿ ಸುತ್ತಿಸಬಹುದು, ಬೇರಿಂಗುಗಳು ಹಲವು ಸಲ ಇಂದಿಗೂ ಸಿಗುವ ಅಳತೆಯವೇ ಆಗಿರುತ್ತವೆ. ಆದರೆ ಆ ಒಂದೇ ಮಾದರಿಗೆಂದು ಅಚ್ಚಿನಲ್ಲಿ ಒತ್ತಿದ, ಕತ್ತರಿಸಿದ ಹುಲ್ಲು ತುಂಬಿಕೊಳ್ಳುವ ತಗಡಿನ ಪೆಟ್ಟಿಗೆ, ಎಂಜಿನ್ ಮೇಲಿನ ಮುಚ್ಚಳ, ಚೈನಿನ ಕವಚ, ಎಣ್ಣೆಯ ಪ್ರಮಾಣ ಕೆತ್ತಿದ ಟ್ಯಾಂಕಿನ ಬಿರಡೆ, ಹೆಸರು ಬರೆದ ಬಣ್ಣದ ಅಚ್ಚು, ಇವು ಕಳೆದುಹೋದರೆ ಕಳೆದುಹೋದಂತೆಯೇ. ಪೆಟ್ಟಿಗೆಯನ್ನು ಜನ ಒಣ ಎಲೆ ತುಂಬಲು ಒಯ್ದಿರುತ್ತಾರೆ, ಮಳೆಯಲ್ಲಿ ಮರೆತಿರುತ್ತಾರೆ, ತಳ ತುಕ್ಕು ಹಿಡಿದ ಮೇಲೆ ಎಸೆದಿರುತ್ತಾರೆ. ಎಂಜಿನ್ ಮಾತ್ರ ಕಬ್ಬಿಣದ ಗುಂಡಿನಂತೆ ಉಳಿದಿರುತ್ತದೆ. ಆದ್ದರಿಂದ ಸಂಗ್ರಾಹಕರ ಲೆಕ್ಕದಲ್ಲಿ ಓಡದ ಪೂರ್ಣ ಯಂತ್ರವು, ಓಡುವ ಅಪೂರ್ಣ ಯಂತ್ರಕ್ಕಿಂತ ಮೇಲು. ಹೊಸಬರು ಇದನ್ನು ನಂಬುವುದಿಲ್ಲ, ನಾನೂ ನಂಬಿರಲಿಲ್ಲ.

ಟೂ ಸ್ಟ್ರೋಕ್ ಏಕೆ ಬಂತು

ಆಯ್ಕೆಗೆ ಇಳಿಯುವ ಮೊದಲು ಎಂಜಿನ್ನಿನ ಗುಣ ತಿಳಿದಿರಬೇಕು. ಯಾಕೆಂದರೆ ಈ ಯಂತ್ರಗಳ ಆಕಾರವನ್ನು ತೀರ್ಮಾನಿಸಿದ್ದೇ ಅದು. ಟೂ ಸ್ಟ್ರೋಕ್‌ನಲ್ಲಿ ಫೋರ್ ಸ್ಟ್ರೋಕ್‌ನಂತೆ ಕವಾಟಗಳ ಗೊಂದಲವಿಲ್ಲ, ಎಣ್ಣೆ ನಿಲ್ಲುವ ತೊಟ್ಟಿಯೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವನ್ನು ತೆರೆದು ಮುಚ್ಚುತ್ತದೆ. ಎಣ್ಣೆ ಪೆಟ್ರೋಲಿನಲ್ಲಿ ಬೆರೆತು ಬಂದು, ಕ್ರ್ಯಾಂಕ್ ಪೆಟ್ಟಿಗೆಯಲ್ಲಿ (ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ದಂಡ ಇರುವ ಜಾಗದಲ್ಲಿ) ಬೇರಿಂಗುಗಳಿಗೆ ಸವರಿಕೊಂಡು, ಕೊನೆಗೆ ಉರಿದು ಹೊಗೆಯಾಗುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನನ್ನು ವಿಪರೀತ ವಾಲಿಸಿದರೆ ಎಣ್ಣೆ ಒಂದು ಮೂಲೆಗೆ ಸರಿದು ಉಳಿದ ಭಾಗ ಒಣಗುತ್ತದೆ. ಟೂ ಸ್ಟ್ರೋಕ್‌ಗೆ ಆ ಚಿಂತೆಯಿಲ್ಲ. ಮಲಗಿಸಿದರೂ ಸರಿ, ಇಳಿಜಾರಿನಲ್ಲಿ ಓರೆಯಾಗಿಸಿದರೂ ಸರಿ, ಪೆಟ್ರೋಲು ಹರಿದು ಬರುತ್ತಿರುವಷ್ಟು ಹೊತ್ತೂ ಓಡುತ್ತದೆ. ಮುಂದೆ ಹೇಳಲಿರುವ ವಿಕ್ಟಾ ಮತ್ತು ಫ್ಲೈಮೋ ಈ ಒಂದು ಗುಣದ ಮೇಲೇ ನಿಂತಿವೆ.

ದೋಷವೂ ಅದೇ ಸರಳತೆಯಿಂದ ಬಂದದ್ದು. ಸುಟ್ಟ ಗಾಳಿಯನ್ನು ಹೊರದೂಡುವ ಕೆಲಸವನ್ನು ಒಳಬರುವ ಹೊಸ ಮಿಶ್ರಣವೇ ಮಾಡಬೇಕು. ಎರಡೂ ಕಿಂಡಿಗಳು ಒಟ್ಟಿಗೆ ತೆರೆದಿರುವ ಹೊತ್ತಿನಲ್ಲಿ ಆ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊರಗೆ ಹೋಗಿಬಿಡುತ್ತದೆ. ಈ ಕಾರಣಕ್ಕೇ ಕಾನೂನು ಇವುಗಳ ಬೆನ್ನು ಹತ್ತಿತು. ಅಮೆರಿಕದಲ್ಲಿ ಸಣ್ಣ ಎಂಜಿನ್‌ಗಳ ಹೊಗೆಗೆ ಮಿತಿ ಹಾಕುವ ನಿಯಮಗಳು 1990ರ ದಶಕದ ನಡುವಿನಲ್ಲಿ ಶುರುವಾದವು. ಆಸ್ಟ್ರೇಲಿಯಾದಲ್ಲಿ ಹೊಗೆಯ ಮಿತಿ ದಾಟುವ ಹೊಸ ಯಂತ್ರಗಳ ಆಮದು 2018ರ ಜುಲೈಯಿಂದ, ಮಾರಾಟ 2019ರ ಜುಲೈಯಿಂದ ನಿಂತಿತು. ಹಳೆಯದನ್ನು ಇಟ್ಟುಕೊಳ್ಳಲು, ಓಡಿಸಲು ಅಡ್ಡಿಯಿಲ್ಲ. ಇನ್ನು ಹೊಸದಾಗಿ ಹುಟ್ಟದ ವಸ್ತು ಎಂಬ ಕಾರಣಕ್ಕೆ ಅದರ ಮೇಲಿನ ಮೋಹ ಹೆಚ್ಚಿದ್ದೂ ನಿಜ.

ಅಟ್ಕೊ: ಹಿತ್ತಾಳೆ, ಚೈನು, ತೂಕ

ಬರ್ಮಿಂಗ್‌ಹ್ಯಾಮಿನ ಚಾರ್ಲ್ಸ್ ಎಚ್. ಪ್ಯೂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ಬಿಟ್ಟ ಅಟ್ಕೊ ಸ್ಟ್ಯಾಂಡರ್ಡ್ ಈ ಜಾತಿಯ ಹಿರಿಯಜ್ಜ. 22 ಇಂಚು ಅಗಲ ಕತ್ತರಿಸುವ ರೀಲ್, ವಿಲಿಯರ್ಸ್ ಎಂಬ ಕಂಪನಿಯ 269 ಸಿಸಿ ಟೂ ಸ್ಟ್ರೋಕ್ ಎಂಜಿನ್, ಬೆಲೆ 75 ಪೌಂಡ್. ಅಟ್ಕೊ ಎಂಬ ಹೆಸರು ಅದೇ ಸಂಸ್ಥೆಯ ಅಟ್ಲಾಸ್ ಚೈನ್ ಕಂಪನಿಯಿಂದ ಬಂದದ್ದು. ಚೈನಿನವರು ಮಾಡಿದ ಯಂತ್ರವೆಂಬುದು ಅದರ ಪಕ್ಕದ ಕವಚ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ.

ರೀಲ್ ಎಂದರೆ ಸುರುಳಿಯಾಗಿ ತಿರುಚಿದ ಅಲಗುಗಳ ಉರುಳೆ. ಕೆಳಗೆ ಅಲುಗಾಡದೆ ನಿಂತ ಒಂದು ಪಟ್ಟಿಯಿರುತ್ತದೆ. ಎರಡರ ನಡುವೆ ಸಿಕ್ಕ ಹುಲ್ಲು ಕತ್ತರಿಗೆ ಸಿಕ್ಕಂತೆ ತುಂಡಾಗುತ್ತದೆ. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದ ಮೊದಲ ಮೋವರ್ ಕೂಡ ಇದೇ ಉಪಾಯದ್ದು. ಬಟ್ಟೆ ಗಿರಣಿಯಲ್ಲಿ ಉಣ್ಣೆಯ ಜುಂಗು ಕತ್ತರಿಸುವ ಯಂತ್ರವನ್ನು ನೋಡಿ ಅವನಿಗೆ ಅದು ಹೊಳೆದದ್ದು. ಹಿಂದೆ ಭಾರವಾದ ಉರುಳೆ ಇರುವುದರಿಂದ ಹುಲ್ಲು ಒಂದು ಸಾಲು ಆ ಕಡೆ, ಒಂದು ಸಾಲು ಈ ಕಡೆ ಬಾಗಿ ಪಟ್ಟೆ ಮೂಡುತ್ತದೆ. ಅಲಗು ನೆಲಕ್ಕೆ ಸಮನಾಗಿ ಪಂಖದಂತೆ ತಿರುಗುವ ರೋಟರಿ ಯಂತ್ರ ಹುಲ್ಲನ್ನು ಹೀಗೆ ಕತ್ತರಿಸುವುದಿಲ್ಲ, ವೇಗದಿಂದ ಹೊಡೆದು ಹರಿಯುತ್ತದೆ. ನುಣುಪು ಬೇಕೆನ್ನುವವರು ಇಂದಿಗೂ ರೀಲ್ ಬಿಡುವುದಿಲ್ಲ.

ವಿಲಿಯರ್ಸ್ ಎಂಜಿನ್ ಬಗ್ಗೆ ಹೇಳಲು ಕುಳಿತರೆ ನನಗೆ ನಿಲ್ಲಿಸಲು ಬರುವುದಿಲ್ಲ. ಹಳೆಯವುಗಳಲ್ಲಿ ಫ್ಲೈವೀಲ್, ಅಂದರೆ ದಂಡದ ತುದಿಯ ಭಾರದ ಚಕ್ರ, ಹಿತ್ತಾಳೆಯದು. ಅದರೊಳಗೆ ಅಯಸ್ಕಾಂತಗಳನ್ನು ಕೂರಿಸಿ, ಕಿಡಿ ಹುಟ್ಟಿಸುವ ಇಡೀ ವ್ಯವಸ್ಥೆಯನ್ನು ಅದರ ಹೊಟ್ಟೆಯಲ್ಲೇ ಅಡಗಿಸಿದ್ದರು. ಅದನ್ನು ಕಳಚಲು ಎಳೆಯುವ ಸಾಧನವೇ ಬೇಡ. ನಡುವಿನ ನಟ್ಟನ್ನು ಸಡಿಲಿಸುತ್ತ ಹೋಗಿ: ಮೊದಲು ಸುಲಭವಾಗಿ ತಿರುಗುತ್ತದೆ, ಆಮೇಲೆ ಮತ್ತೆ ಬಿಗಿಯಾಗುತ್ತದೆ. ಅಪರಿಚಿತರು ಅಲ್ಲೇ ಗಾಬರಿಯಾಗಿ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಎರಡನೆಯ ಸಲ ಬಿಗಿಯಾದಾಗ ಆ ನಟ್ಟೇ ಫ್ಲೈವೀಲನ್ನು ಹಿಡಿದು ಹೊರಗೆಳೆಯುತ್ತಿರುತ್ತದೆ. ಸ್ಪ್ಯಾನರಿಗೆ ಸುತ್ತಿಗೆಯಿಂದ ಒಂದು ಚುರುಕಾದ ಪೆಟ್ಟು ಕೊಟ್ಟರೆ ‘ಟಕ್’ ಎಂದು ಬಿಟ್ಟುಕೊಂಡು ಅಂಗೈಗೆ ಬರುತ್ತದೆ. ಒಳಗೆ ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟುಗಳ ಮೇಲೆ ಬೂದು ಪೊರೆ ಕಟ್ಟಿರುತ್ತದೆ. ಅದನ್ನು ಉಜ್ಜಿ 0.015 ಇಂಚಿನ ಅಂತರ ಇಟ್ಟರೆ ದಶಕಗಳಿಂದ ಮಲಗಿದ್ದ ಎಂಜಿನ್‌ನಲ್ಲೂ ಕಿಡಿ ಕಾಣಿಸಿಕೊಂಡದ್ದನ್ನು ನೋಡಿದ್ದೇನೆ. ಇದೇ ವಿಲಿಯರ್ಸ್ ಮೋಟಾರ್ ಸೈಕಲುಗಳಿಗೂ ಎಂಜಿನ್ ಕೊಡುತ್ತಿದ್ದುದರಿಂದ ಬಿಡಿಭಾಗ ಹುಡುಕುವವರ ಬಳಗ ದೊಡ್ಡದು.

ಒಂದು ಎಚ್ಚರಿಕೆ: ಅಟ್ಕೊ ಅಂದಾಕ್ಷಣ ಟೂ ಸ್ಟ್ರೋಕ್ ಅಲ್ಲ, ವಿಲಿಯರ್ಸ್ ಅಂದಾಕ್ಷಣವೂ ಅಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಂತರದ ಎಷ್ಟೋ ಅಟ್ಕೊಗಳಲ್ಲಿ ಫೋರ್ ಸ್ಟ್ರೋಕ್ ಇದೆ. ಎಂಜಿನ್ ಬುಡದಲ್ಲಿ ಎಣ್ಣೆ ತುಂಬುವ ಬಿರಡೆ ಕಂಡರೆ ಅದು ನಿಮಗೆ ಬೇಕಾದದ್ದಲ್ಲ. ವಿಲಿಯರ್ಸ್ ಎಂಜಿನ್ನಿನ ಕ್ರ್ಯಾಂಕ್ ಪೆಟ್ಟಿಗೆಯ ಮೇಲೆ ಒತ್ತಿದ ಅಕ್ಷರಗಳೂ ಅಂಕಿಗಳೂ ಅದು ಯಾವ ಮಾದರಿಯದೆಂದು ಹೇಳುತ್ತವೆ. ಅವುಗಳ ಚಿತ್ರ ತೆಗೆದುಕೊಳ್ಳದೆ ಮಾತು ಮುಗಿಸಬೇಡಿ.

ಅಟ್ಕೊದವರು 1939ರಲ್ಲಿ ಮಕ್ಕಳಿಗೆ ವಾಹನ ಓಡಿಸುವುದನ್ನು ಕಲಿಸಲು ಅಟ್ಕೊ ಟ್ರೈನರ್ ಎಂಬ ಪುಟ್ಟ ಕಾರನ್ನೂ ಮಾಡಿದ್ದರು, 98 ಸಿಸಿಯ ವಿಲಿಯರ್ಸ್ ಎಂಜಿನ್ ಇಟ್ಟು. ಅದೇ ವರ್ಷ ಯುದ್ಧ ಬಂದು ಕಾರಿನ ಕತೆ ಮುಗಿಯಿತು. ನಿಮಗೆ ಎಲ್ಲಾದರೂ ಅದು ಸಿಕ್ಕರೆ ಈ ಬರಹ ಓದುವುದನ್ನು ಬಿಟ್ಟು ಮೊದಲು ಅದನ್ನು ಕೊಳ್ಳಿ.

ವಿಕ್ಟಾ: ಪೀಚ್ ಹಣ್ಣಿನ ಡಬ್ಬಿಯಿಂದ

ಅಟ್ಕೊ ಕಾರ್ಖಾನೆಯ ಕೂಸಾದರೆ ವಿಕ್ಟಾ ಗ್ಯಾರೇಜಿನ ಕೂಸು. 1952ರಲ್ಲಿ ಸಿಡ್ನಿಯ ಕಾಂಕರ್ಡ್ ಬಡಾವಣೆಯಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಒಂದು ವಿಲಿಯರ್ಸ್ ಎಂಜಿನ್ನನ್ನು ಪಕ್ಕಕ್ಕೆ ಮಲಗಿಸಿ, ಅದರ ದಂಡ ನೆಲದ ಕಡೆ ಮುಖ ಮಾಡುವಂತೆ ಕೂರಿಸಿ, ತುದಿಗೆ ಅಲಗು ಕಟ್ಟಿದರು. ಪೆಟ್ರೋಲಿಗೆ ಖಾಲಿ ಪೀಚ್ ಡಬ್ಬಿ. ಎಣ್ಣೆತೊಟ್ಟಿಯಿರುವ ಎಂಜಿನ್ ಆಗಿದ್ದರೆ ಅಲ್ಲೇ ಉಸಿರುಗಟ್ಟುತ್ತಿತ್ತು. ಟೂ ಸ್ಟ್ರೋಕ್ ಆದ್ದರಿಂದ ಮಲಗಿಕೊಂಡೇ ದುಡಿಯಿತು. ನಡುವಿನ ಹೆಸರಾದ ವಿಕ್ಟರ್‌ನಿಂದ ವಿಕ್ಟಾ ಎಂಬ ಹೆಸರು ಬಂತು. ಮೊದಲ ಮಾದರಿಗೆ ರೋಟೋಮೊ ಎಂದು ಕರೆದರು.

ವಿಕ್ಟಾದ ವಿನ್ಯಾಸದಲ್ಲಿ ನನಗೆ ಹಿಡಿಸುವುದು ಅಲಗು. ಒಂದೇ ಉದ್ದನೆಯ ಪಟ್ಟಿಯ ಬದಲು ಗುಂಡನೆಯ ತಟ್ಟೆಯ ಅಂಚಿಗೆ ಸಣ್ಣ ಅಲಗುಗಳನ್ನು ಸಡಿಲವಾಗಿ ಸಿಕ್ಕಿಸುತ್ತಾರೆ. ತಟ್ಟೆ ತಿರುಗಿದಾಗ ಅವು ಹೊರಕ್ಕೆ ಚಾಚಿಕೊಳ್ಳುತ್ತವೆ, ಕಲ್ಲಿಗೆ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುತ್ತವೆ. ಉದ್ದ ಪಟ್ಟಿ ಕಲ್ಲಿಗೆ ಹೊಡೆದರೆ ಆ ಪೆಟ್ಟು ನೇರವಾಗಿ ಕ್ರ್ಯಾಂಕಿಗೆ ಹೋಗುತ್ತದೆ; ಇಲ್ಲಿ ಹಾಗಾಗುವುದು ಕಡಿಮೆ. ಮುಂದಿನ ದಶಕಗಳ ಕೆಲವು ಮಾದರಿಗಳಲ್ಲಿ ಗಾಳಿ ಎಳೆದುಕೊಳ್ಳುವ ಕೊಳವೆ ಹಿಡಿಕೆಯುದ್ದಕ್ಕೂ ಮೇಲೇರಿ, ತುದಿಯಲ್ಲಿ ಶೋಧಕದ ಟೋಪಿ ಹೊತ್ತು ನಿಂತಿರುತ್ತದೆ. ಧೂಳು ನೆಲದ ಹತ್ತಿರವಿರುತ್ತದೆ, ಉಸಿರಾಟ ಮೇಲಿರಲಿ ಎಂಬ ಉಪಾಯ. ನೋಡಲು ಮುಳುಗುಗಾರನ ಕೊಳವೆಯಂತೆ ಕಾಣುತ್ತದೆ, ಸ್ನಾರ್ಕೆಲ್ ಎಂಬ ಆ ಹೆಸರಿನಿಂದಲೇ ಕರೆಯುತ್ತಾರೆ.

2000ದ ಸಿಡ್ನಿ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಮೋವರ್‌ಗಳನ್ನು ತಳ್ಳಿಕೊಂಡು ಕುಣಿದದ್ದು ಸುಮ್ಮನೆ ಅಲ್ಲ. ಆ ದೇಶದವರಿಗೆ ಇದು ಮನೆಯ ನೆನಪು. ಸಂಗ್ರಹದ ಬೆಲೆ ಮಾತ್ರ ಎರಡಾಗಿ ಒಡೆದುಕೊಂಡಿದೆ. 1950ರ ದಶಕದ ಮೊದಲ ವರ್ಷಗಳ ರೋಟೋಮೊ ಎಂದರೆ ಬೇಡಿಕೆ ಬೆಟ್ಟದಷ್ಟು. 1970, 80ರ ದಶಕಗಳವು ಮಾತ್ರ ಲೆಕ್ಕವಿಲ್ಲದಷ್ಟು ಉಳಿದಿವೆ. ಅವನ್ನು ‘ಅಪರೂಪದ್ದು’ ಎಂದು ಮಾರಲು ಬರುವವರ ಮಾತಿಗೆ ತಲೆಯಾಡಿಸಿ, ಹಣ ಜೇಬಿನಲ್ಲೇ ಇರಲಿ. ಇಲ್ಲಿ ಪೆಟ್ಟಿಗೆಗಿಂತ ಎಂಜಿನ್ನಿನ ತಗಡಿನ ಟೋಪಿ ಮತ್ತು ಆ ಗಾಳಿಕೊಳವೆ ಇವೆಯೇ ಎಂದು ನೋಡಬೇಕು. ರೋಟೋಮೊ ವಿಷಯದಲ್ಲಿ ಇನ್ನೊಂದು ತೊಡಕು: ಗ್ಯಾರೇಜಿನಲ್ಲಿ ಹುಟ್ಟಿದ ಯಂತ್ರವನ್ನು ಗ್ಯಾರೇಜಿನಲ್ಲೇ ನಕಲು ಮಾಡುವುದೂ ಸುಲಭ. ಕೊಳವೆ ಬಾಗಿಸಿ ಬೆಸುಗೆ ಹಾಕಿದ ಚೌಕಟ್ಟು, ಎಲ್ಲಿಂದಲೋ ತಂದ ಹಳೆಯ ವಿಲಿಯರ್ಸ್, ಹೊಸದಾಗಿ ಅಚ್ಚು ಹಾಕಿಸಿದ ಹೆಸರು ಇಷ್ಟಿದ್ದರೆ ಸಾಕು. ಮಾಲೀಕರ ಸರಪಳಿ, ಹಳೆಯ ಚಿತ್ರ, ರಸೀತಿ ಯಾವುದಾದರೂ ಇಲ್ಲದೆ ದೊಡ್ಡ ಮೊತ್ತ ಕೊಡಬೇಡಿ.

ಲಾನ್‌ಬಾಯ್: ದೋಣಿಯ ಎಂಜಿನ್ ಹುಲ್ಲಿಗೆ ಇಳಿದಾಗ

ಅಮೆರಿಕದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ ದೋಣಿಯ ಹಿಂದೆ ನೇತುಹಾಕುವ ಎಂಜಿನ್‌ಗಳ ಸಂಸ್ಥೆ. ಆ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಮೊದಲಿನಿಂದಲೂ ನೆಟ್ಟಗೆ ನಿಂತಿರುತ್ತದೆ, ಎಂಜಿನ್ನೂ ಟೂ ಸ್ಟ್ರೋಕ್. ಕೆಳಗಿನ ಪ್ರೊಪೆಲರ್ ತೆಗೆದು ಅಲಗು ಕಟ್ಟಿದರೆ ಮೋವರ್ ಆಯಿತು ಎಂದು ತಮಾಷೆಗೆ ಹೇಳಬಹುದು. ತೀರಾ ಸುಳ್ಳೂ ಅಲ್ಲ. 1952ರಲ್ಲಿ ಮಿಸೌರಿಯ ಲಾಮಾರ್ ಪಟ್ಟಣದ ಒಂದು ರೋಟರಿ ಮೋವರ್ ಕಂಪನಿಯನ್ನು ಕೊಂಡು, ತಮ್ಮಲ್ಲಿದ್ದ ಲಾನ್‌ಬಾಯ್ ಎಂಬ ಹೆಸರನ್ನು ಅದಕ್ಕೆ ಹಚ್ಚಿದರು. 1989ರಲ್ಲಿ ಅದು ಟೋರೋ ಪಾಲಾಯಿತು. ಟೂ ಸ್ಟ್ರೋಕ್ ಮಾದರಿಗಳು 2000ದ ದಶಕದ ಆರಂಭದವರೆಗೂ ಬಂದವು.

ವಿನ್ಯಾಸದ ದೃಷ್ಟಿಯಿಂದ ಈ ನಾಲ್ವರಲ್ಲಿ ಅತ್ಯಂತ ಬುದ್ಧಿವಂತ ಯಂತ್ರ ಇದೇ ಎಂದು ನನ್ನ ಅಭಿಪ್ರಾಯ. ಕೆಳಗಿನ ಹೊದಿಕೆ ಮೆಗ್ನೀಸಿಯಂ ಮಿಶ್ರಲೋಹದ ಎರಕ, ಹಾಗಾಗಿ ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಚಕ್ರಗಳು ಎದುರುಬದುರಾಗಿಲ್ಲ, ಒಂದು ಮುಂದೆ, ಒಂದು ತುಸು ಹಿಂದೆ. ಉಬ್ಬುತಗ್ಗಿನ ನೆಲದಲ್ಲಿ ಎರಡೂ ಚಕ್ರ ಒಟ್ಟಿಗೆ ಗುಳಿಗೆ ಬಿದ್ದು ಅಲಗು ಮಣ್ಣು ಕೆರೆಯದಿರಲಿ ಎಂದು. ಹೊಗೆ ಹೊದಿಕೆಯ ಅಡಿಗೆ ಹೋಗುವುದರಿಂದ ಸದ್ದು ಅಲ್ಲೇ ಅರ್ಧ ನುಂಗಿಹೋಗುತ್ತದೆ. ಎಂಜಿನ್‌ಗೆ ಗಾಳಿ ಬಿಡುವುದು ರೀಡ್ ಕವಾಟ, ಅಂದರೆ ಹಾರ್ಮೋನಿಯಂನ ನಾಲಿಗೆಯಂಥ ತೆಳು ಪಟ್ಟಿ. ಒಳಕ್ಕೆ ಬಿಡುತ್ತದೆ, ಹೊರಕ್ಕೆ ಬಿಡುವುದಿಲ್ಲ.

ಆದರೆ ಮೆಗ್ನೀಸಿಯಂ ತವರುಮನೆಯ ಪ್ರೀತಿಯಿಂದ ನೋಡಿಕೊಳ್ಳಬೇಕಾದ ಲೋಹ. ಒದ್ದೆ ಹುಲ್ಲು ಅಂಟಿಕೊಂಡು ವರ್ಷಗಟ್ಟಲೆ ಇದ್ದರೆ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಬಿರುಕು ಬಿಟ್ಟರೆ ಬೀದಿ ಬದಿಯ ಬೆಸುಗೆಗೆ ಒಪ್ಪುವುದಿಲ್ಲ. ಉಜ್ಜಿದ ಪುಡಿಗೆ ಬೆಂಕಿ ತಗುಲಿದರೆ ನೀರು ಹಾಕಿದಷ್ಟೂ ಹೆಚ್ಚು ಉರಿಯುತ್ತದೆ. ಆದ್ದರಿಂದ ಲಾನ್‌ಬಾಯ್ ನೋಡುವಾಗ ನಾನು ಮೊದಲು ಅದನ್ನು ಮಗುಚಿ ಹಾಕಿ, ಚಕ್ರದ ಬೋಲ್ಟು ಕೂರುವ ಕಿವಿಗಳ ಸುತ್ತ ಬಟ್ಟೆಯಲ್ಲಿ ಒರೆಸಿ, ಕೂದಲೆಳೆಯ ಗೀರು ಇದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇನೆ. ಎಂಜಿನ್ ನೋಡುವುದು ಆಮೇಲೆ.

ಸಂಗ್ರಹದ ಮೌಲ್ಯಕ್ಕೆ ಬಂದರೆ ಲಾನ್‌ಬಾಯ್ ಬಡವರ ಬಂಧು. ಅಪಾರ ಸಂಖ್ಯೆಯಲ್ಲಿ ಮಾಡಿದ್ದರಿಂದ ಭಾಗಗಳು ಸಿಗುತ್ತವೆ, ಯಂತ್ರಗಳೂ ಸಿಗುತ್ತವೆ, ಬೆಲೆ ಏರುವುದಿಲ್ಲ. 1950ರ ದಶಕದವು, ಮತ್ತು ಹುಲ್ಲು ತುಂಬುವ ಮೂಲ ಬಟ್ಟೆಚೀಲ ಹರಿಯದೆ ಉಳಿದಿರುವವು ಮಾತ್ರ ಬೇರೆ ಮಾತು. ಬಟ್ಟೆ ಕೊಳೆಯುವುದು ತಗಡು ತುಕ್ಕು ಹಿಡಿಯುವುದಕ್ಕಿಂತ ಬೇಗ.

ಫ್ಲೈಮೋ, ಮತ್ತು ಬದಿಯಲ್ಲಿ ನಿಂತ ಇಬ್ಬರು

ಸ್ವೀಡನ್ನಿನ ಕಾರ್ಲ್ ಡಾಲ್‌ಮನ್ ಅವರು ಕ್ರಿಸ್ಟೋಫರ್ ಕಾಕೆರೆಲ್ ಅವರ ಹೋವರ್‌ಕ್ರಾಫ್ಟ್ (ಗಾಳಿಯ ಮೆತ್ತೆಯ ಮೇಲೆ ತೇಲುವ ವಾಹನ) ನೋಡಿ 1960ರ ದಶಕದ ನಡುವಿನಲ್ಲಿ ರೂಪಿಸಿದ ಯಂತ್ರ ಇದು. ಚಕ್ರವೇ ಇಲ್ಲ. ಅಲಗಿನ ಮೇಲಿರುವ ಪಂಖ ಗಾಳಿಯನ್ನು ಕೆಳಗೆ ತಳ್ಳಿ ಇಡೀ ಯಂತ್ರವನ್ನು ತೇಲಿಸುತ್ತದೆ. ಕಾಲಿನಿಂದ ತಳ್ಳಿದರೂ ಜಾರುತ್ತದೆ. ಕಡಿದಾದ ದಿಬ್ಬಗಳಲ್ಲಿ ಹಿಡಿಕೆಗೆ ಹಗ್ಗ ಕಟ್ಟಿ, ಮೇಲೆ ನಿಂತು, ಬಾವಿಗೆ ಕೊಡ ಇಳಿಸುವಂತೆ ಇಳಿಸಿ ಎಳೆಯುತ್ತಿದ್ದರು. ಅಷ್ಟು ಓರೆಯಲ್ಲಿ ಓಡಬಲ್ಲದ್ದು ಟೂ ಸ್ಟ್ರೋಕ್ ಮಾತ್ರ.

ಫ್ಲೈಮೋ ಅಂದರೆ ಕಿತ್ತಳೆ ಬಣ್ಣ ಎಂದು ಎಲ್ಲರಿಗೂ ಮನಸ್ಸಿನಲ್ಲಿ ಕೂತಿದೆ. ಆ ಬಣ್ಣ ಬಂದದ್ದು ನಂತರ. ಕಿತ್ತಳೆಗೆ ಮುಂಚಿನ ಆರಂಭದ ಪೆಟ್ರೋಲ್ ಫ್ಲೈಮೋ ತನ್ನ ಮೂಲ ಬಣ್ಣದಲ್ಲೇ ಸಿಕ್ಕರೆ ಬಿಡಬೇಡಿ. ಇಂದು ಅಗ್ಗ, ಯಾಕೆಂದರೆ ಹೆಚ್ಚಿನವರಿಗೆ ಇನ್ನೂ ಇದು ಹಳೆಯ ಸಾಮಾನಿನಂತೆಯೇ ಕಾಣುತ್ತದೆ. ನನ್ನ ಅಂದಾಜಿನಲ್ಲಿ ಈ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಬೆಲೆ ಕಟ್ಟಲ್ಪಟ್ಟಿರುವುದು ಇದೇ. ಹೊದಿಕೆಯ ಅಂಚಿನಲ್ಲಿ ಒಡಕು, ಪಂಖದ ರೆಕ್ಕೆಯಲ್ಲಿ ಚೂರು ಹಾರಿಹೋಗಿರುವುದು, ಇವೆರಡೇ ಮುಖ್ಯ ರೋಗಗಳು. ಪಂಖ ಸಮತೂಕ ತಪ್ಪಿದರೆ ಹಿಡಿಕೆ ಹಿಡಿದ ಕೈ ಜೋಮು ಹಿಡಿಯುತ್ತದೆ.

ರೋಟೋಸೈತ್ ಬಗ್ಗೆ ಎರಡು ಮಾತು. 1930ರ ದಶಕದಲ್ಲಿ, ಅಂದರೆ ವಿಕ್ಟಾಕ್ಕಿಂತ ಬಹಳ ಮೊದಲೇ, ಇಂಗ್ಲೆಂಡಿನಲ್ಲಿ ಬಂದ ಟೂ ಸ್ಟ್ರೋಕ್ ರೋಟರಿ ಇದು. ಕತ್ತರಿಸಿದ ಹುಲ್ಲನ್ನು ಗಾಳಿಯ ಸೆಳೆತದಿಂದಲೇ ಪೆಟ್ಟಿಗೆಗೆ ತುಂಬಿಸುತ್ತಿತ್ತು. ಮುಂದೆ ಶೇ ಎಂಬ ಕಂಪನಿಯ ಹೆಸರಿನಲ್ಲೂ ಬಂತು. ಇತಿಹಾಸದ ತೂಕದಲ್ಲಿ ಇದಕ್ಕೆ ಸಾಟಿಯಿಲ್ಲ, ಬಿಡಿಭಾಗದ ಬರದಲ್ಲೂ ಸಾಟಿಯಿಲ್ಲ. ಮೊದಲ ಯಂತ್ರವಾಗಿ ಇದನ್ನು ಕೊಳ್ಳುವವರು ಧೈರ್ಯವಂತರು. ಇನ್ನು ಅಮೆರಿಕದ ರಸೀನ್ ಪಟ್ಟಣದ ಜೇಕಬ್‌ಸೆನ್: ತಮ್ಮದೇ ಟೂ ಸ್ಟ್ರೋಕ್ ಎಂಜಿನ್ ಇಟ್ಟು ರೀಲ್ ಮೋವರ್ ಮಾಡಿದವರು. ಗಟ್ಟಿ, ಭಾರ, ಕತ್ತರಿಸುವುದು ಚೆನ್ನ. ಅಟ್ಕೊ ಸಿಗದ ಕಡೆ ಅದರ ಸ್ಥಾನ ತುಂಬುತ್ತದೆ, ಅಷ್ಟೇ ಹೇಳಿದರೆ ಸಾಕು.

ಹಾಗಾದರೆ ಯಾವುದು

ಓಡಿಸಿ ಹುಲ್ಲು ಕತ್ತರಿಸುವ ಆಸೆಯಿದ್ದರೆ ಲಾನ್‌ಬಾಯ್. ಎರಡನೆಯ ಯೋಚನೆಯೇ ಬೇಡ. ನೆಲ ಸಮತಟ್ಟಾಗಿದ್ದು ಪಟ್ಟೆ ಬೇಕೆನಿಸಿದರೆ ಅಟ್ಕೊ. ಆದರೆ ರೀಲ್ ಸಾಣೆ ಹಿಡಿಯುವವರು ಸಿಗುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಕಳಚಿ ಜೋಡಿಸುವ ಸುಖಕ್ಕಾಗಿ ಕೊಳ್ಳುವವರಿಗೂ ವಿಲಿಯರ್ಸ್ ಇರುವ ಅಟ್ಕೊವೇ ಸರಿ: ಎಲ್ಲವೂ ಕಣ್ಣಿಗೆ ಕಾಣುತ್ತದೆ, ಎಲ್ಲಕ್ಕೂ ಸ್ಪ್ಯಾನರ್ ಹೋಗುತ್ತದೆ. ವಿಕ್ಟಾದ ನಂತರದ ಪ್ಲಾಸ್ಟಿಕ್ ಕಾರ್ಬ್ಯುರೇಟರ್‌ಗಳು ಕೆಲಸ ಚೆನ್ನಾಗಿಯೇ ಮಾಡುತ್ತವೆ, ಆದರೆ ಅವನ್ನು ಬಿಚ್ಚುವುದರಲ್ಲಿ ಹಿತ್ತಾಳೆಯ ಕಾರ್ಬ್ಯುರೇಟರಿನ ಗುಂಡಿಯೊತ್ತಿ ಪೆಟ್ರೋಲು ಉಕ್ಕಿಸುವ ಖುಷಿ ಇಲ್ಲ.

ಬೆಲೆ ಏರಲೆಂದು ಕೊಳ್ಳುವವರಿಗೆ ನನ್ನ ಮಾತು ರುಚಿಸಲಾರದು. ಮೂಗಿಗಿಂತ ಮೂಗುತಿ ಭಾರವಾಗುವ ವ್ಯವಹಾರ ಇದು. ಹೊಸ ಬಣ್ಣ, ಕ್ರೋಮ್ ಲೇಪ, ಎಂಜಿನ್ ದುರಸ್ತಿ, ಸಾಗಣೆ ಎಲ್ಲ ಕೂಡಿಸಿದರೆ ಹೆಚ್ಚಿನ ಯಂತ್ರಗಳಲ್ಲಿ ಖರ್ಚು ಬೆಲೆಯನ್ನು ದಾಟುತ್ತದೆ. ಯುದ್ಧಕ್ಕೆ ಮುಂಚಿನ ಪೂರ್ಣ ಅಟ್ಕೊ, ದಾಖಲೆಯಿರುವ ರೋಟೋಮೊ, ರೋಟೋಸೈತ್ ಈ ಮೂರನ್ನು ಬಿಟ್ಟರೆ ಉಳಿದವು ಪ್ರೀತಿಗೆ ಕೊಳ್ಳುವಂಥವು. ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೋವರ್‌ಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವಿದೆ, 1990ರಿಂದ ಹಳೆಯ ಮೋವರ್ ಪ್ರಿಯರ ಸಂಘವೂ ಇದೆ. ಅಂಥ ಬಳಗಗಳಲ್ಲಿ ನೋಡಿ: ಹಳೆಯ ಕಾರುಗಳ ಹಾಗೆ ಹಣದ ಮಾತು ನಡೆಯುವುದು ಕಡಿಮೆ, ಕಳೆದುಹೋದ ಭಾಗದ ಮಾತೇ ಹೆಚ್ಚು.

ಬಣ್ಣ ಮುಟ್ಟಬೇಕೇ ಬೇಡವೇ ಎಂಬುದು ಬೇರೆಯೇ ಜಗಳ. ಒಮ್ಮೆ ಕೆಂಪು ಬಣ್ಣ ಬಳಿದಿದ್ದ ಒಂದು ರೀಲ್ ಮೋವರ್ ನನ್ನ ಕೈಗೆ ಬಂತು. ಹೊಳಪು ಚೆನ್ನಾಗಿತ್ತು, ಪೂರ್ತಿ ಹೊಸದಾಗಿಸೋಣವೆಂದು ಮರಳುಕಾಗದ ಹಿಡಿದು ಕೂತೆ. ಪೆಟ್ಟಿಗೆಯ ಹಿಂಬದಿಯಲ್ಲಿ ಕೆಂಪಿನ ಅಡಿಯಿಂದ ಹಸಿರು ಕಂಡಿತು, ಹಸಿರಿನ ಮೇಲೆ ಚಿನ್ನದ ಬಣ್ಣದ ಒಂದು ಅಕ್ಷರದ ಬಾಲ. ಅಷ್ಟರಲ್ಲಿ ಆ ಅಕ್ಷರದ ತಲೆ ನನ್ನ ಮರಳುಕಾಗದಕ್ಕೆ ಹೋಗಿಯಾಗಿತ್ತು. ಮೇಲಿನ ಬಣ್ಣವನ್ನು ಸಾವಕಾಶವಾಗಿ, ಒಂದು ಮೂಲೆಯಿಂದ, ಮೆದು ದ್ರಾವಕದಲ್ಲಿ ನೆನೆಸಿದ ಹತ್ತಿಯಿಂದ ತೆಗೆದಿದ್ದರೆ ಮೂಲದ ಹೆಸರು ಪೂರ್ತಿ ಉಳಿಯುತ್ತಿತ್ತು. ಅಂದಿನಿಂದ ನಾನು ಅರ್ಧ ಮಾಸಿದ ಮೂಲ ಬಣ್ಣವನ್ನು ಮಿರುಗುವ ಹೊಸ ಬಣ್ಣಕ್ಕಿಂತ ಮೇಲೆ ಇಡುತ್ತೇನೆ, ಬಹುಪಾಲು ಗಂಭೀರ ಸಂಗ್ರಾಹಕರೂ ಹಾಗೆಯೇ ಇಡುತ್ತಾರೆ.

ಯಂತ್ರದ ಮುಂದೆ ನಿಂತಾಗ

ಮಾರುವವರು ಹಗ್ಗ ಎಳೆಯುವ ಮೊದಲು ಸಿಲಿಂಡರಿನ ರೆಕ್ಕೆಗಳ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆ ಎಂದರ್ಥ. ತಣ್ಣಗಾಗುವವರೆಗೆ ಮಾತಾಡುತ್ತ ನಿಲ್ಲಿ. ತಣ್ಣಗಿದ್ದಾಗ ಹೊತ್ತಿಕೊಂಡು, ಹತ್ತು ನಿಮಿಷದ ಮೇಲೆ ನಿಂತು, ಮತ್ತೆ ತಣಿಯುವವರೆಗೆ ಏಳದಿದ್ದರೆ ಕಿಡಿಯ ವ್ಯವಸ್ಥೆಯ ಕಂಡೆನ್ಸರ್ ಅಥವಾ ಕಾಯಿಲ್ ಹೋಗಿರಬಹುದು. ಚೌಕಾಶಿಗೆ ಒಳ್ಳೆಯ ಕಾರಣ, ಬಿಟ್ಟು ಬರಲು ಕಾರಣವಲ್ಲ. ಯಾರೂ ಥ್ರಾಟಲ್ ಮುಟ್ಟದೆಯೇ ವೇಗ ತಾನಾಗಿ ಏರತೊಡಗಿದರೆ ಕ್ರ್ಯಾಂಕಿನ ಸೀಲುಗಳಿಂದ ಗಾಳಿ ನುಗ್ಗುತ್ತಿರಬಹುದು. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಪೆಟ್ಟಿಗೆ ಪಂಪಿನ ಕೆಲಸ ಮಾಡುವುದರಿಂದ ಅಲ್ಲಿ ಸೋರಿದರೆ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್‌ಗೆ ಎಣ್ಣೆ ಸಾಲದೆ ಕಚ್ಚಿಕೊಳ್ಳುತ್ತದೆ. ಶಕ್ತಿ ಕುಂದಿ ಮಂಕಾಗಿದ್ದರೆ ಹೊಗೆಯ ಕಿಂಡಿಯಲ್ಲಿ ಮಸಿ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಪಿಸ್ಟನ್ ಕೆಳಗಿಳಿಸಿ ಮರದ ಕಡ್ಡಿಯಿಂದ ಕೆರೆದರೆ ಎಷ್ಟೋ ‘ಸತ್ತ’ ಎಂಜಿನ್‌ಗಳಿಗೆ ಜೀವ ಬಂದದ್ದಿದೆ.

ರೋಟರಿಯಾದರೆ ಕಿಡಿ ಹಾರಿಸುವ ಪ್ಲಗ್ ಬಿಚ್ಚಿಟ್ಟು, ಯಂತ್ರ ಓರೆ ಮಾಡಿ, ಅಲಗನ್ನು ಕೈಯಿಂದ ನಿಧಾನ ತಿರುಗಿಸಿ. ದಂಡದ ತುದಿ ಒಂದೇ ಜಾಗದಲ್ಲಿ ತಿರುಗದೆ ಸಣ್ಣ ವೃತ್ತ ಬರೆಯುತ್ತಿದ್ದರೆ ಕ್ರ್ಯಾಂಕ್ ಬಾಗಿದೆ. ಎಲ್ಲ ದುರಸ್ತಿಗಿಂತ ದುಬಾರಿ ಇದು. ರೀಲ್ ಆದರೆ ಒಂದು ಕಾಗದದ ಪಟ್ಟಿ ಸಾಕು: ರೀಲ್ ಮತ್ತು ಕೆಳಪಟ್ಟಿಯ ನಡುವೆ ಇಟ್ಟು ತಿರುಗಿಸಿದಾಗ ಎಡದಿಂದ ಬಲದವರೆಗೆ ಒಂದೇ ಸಮ ಕತ್ತರಿಸಬೇಕು. ಒಂದು ಬದಿ ಕತ್ತರಿಸಿ ಇನ್ನೊಂದು ಬದಿ ಮಡಚಿದರೆ ರೀಲ್ ಒಂದು ಕಡೆ ಸವೆದಿರಬಹುದು.

ಮನೆಗೆ ತಂದ ಮೇಲೆ ಎಣ್ಣೆಯ ಪ್ರಮಾಣದಲ್ಲಿ ಎಡವುವವರೇ ಹೆಚ್ಚು. ಹಳೆಯ ವಿಲಿಯರ್ಸ್‌ಗೆ 16ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ ಸುಮಾರು 62 ಮಿಲಿಲೀಟರ್ ಎಣ್ಣೆ. ವಿಕ್ಟಾಗಳಿಗೆ 25ಕ್ಕೆ 1 ಎಂದರೆ 40. ನಂತರದ ಲಾನ್‌ಬಾಯ್‌ಗಳಿಗೆ 32ಕ್ಕೆ 1, ಸುಮಾರು 31. ಇಂದಿನ ಎಣ್ಣೆ ಉತ್ತಮವಾಗಿದೆ, 50ಕ್ಕೆ 1 ಸಾಕು ಎನ್ನುವವರ ಮಾತು ಇಂದಿನ ಎಂಜಿನ್‌ಗಳಿಗೆ ಸರಿ. ಕಂಚಿನ ಬುಷ್ ಇರುವ ಹಳೆಯದಕ್ಕೆ ಅದು ವಿಷ. ಟ್ಯಾಂಕಿನ ಬಿರಡೆ ಮೂಲದ್ದಾಗಿದ್ದರೆ ಪ್ರಮಾಣ ಅದರ ಮೇಲೇ ಇರುವುದುಂಟು.

ಎಥನಾಲ್ ಬೆರೆತ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಟ್ಟು ಯಂತ್ರವನ್ನು ಮಲಗಿಸಬೇಡಿ. ಅದು ನೀರನ್ನು ಸೆಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆದುಗೊಳಿಸುತ್ತದೆ, ಕಾರ್ಬ್ಯುರೇಟರಿನೊಳಗೆ ತೇಲುವ ಬೆಂಡಿನ ಫ್ಲೋಟ್ ಮೇಲಿನ ಲೇಪವನ್ನು ಕರಗಿಸುತ್ತದೆ. ಕೊನೆಯ ಸಲ ಓಡಿಸುವಾಗ ಪೆಟ್ರೋಲಿನ ನಲ್ಲಿ ತಿರುಗಿಸಿ ಮುಚ್ಚಿ, ಎಂಜಿನ್ ತಾನಾಗಿ ಬಿಕ್ಕಿ ನಿಲ್ಲುವವರೆಗೆ ಓಡಲಿ. ಪ್ಲಗ್ ರಂಧ್ರದಲ್ಲಿ ಒಂದು ಚಮಚ ಎಣ್ಣೆ ಬಿಟ್ಟು, ಹಗ್ಗವನ್ನು ಎರಡು ಸಲ ಮೆಲ್ಲನೆ ಎಳೆದು, ಕಿಂಡಿಗಳು ಮುಚ್ಚಿ ಒತ್ತಡ ಬಿಗಿಯಾಗುವ ಜಾಗದಲ್ಲಿ ಪಿಸ್ಟನ್ನನ್ನು ನಿಲ್ಲಿಸಿ. ಹುಲ್ಲಿನ ಪೆಟ್ಟಿಗೆಯನ್ನು ತೊಳೆದು, ಒಣಗಿಸಿ, ಬೋರಲು ಹಾಕಿ ಇಡಿ. ತುಕ್ಕು ಶುರುವಾಗುವುದು ಯಾವಾಗಲೂ ತಳದ ಮಡಿಕೆಯಿಂದಲೇ.